ಮಾರ್ಟಿನನ ಯುದ್ಧಕಥನವೂ ವಂಶಶೋಧನೆಯ ಪ್ರಮಾಣವಿಚಾರವೂ

ಪೂರ್ವಜನೊಬ್ಬನ ಚರಿತ್ರೆಯನ್ನು ಶೋಧಿಸುವವರಿಗೆ ಮೊದಲು ಎದುರಾಗುವುದು ಪ್ರಮಾಣದ ಪ್ರಶ್ನೆ. ಆ ಪೂರ್ವಜನು ದಂಡನಾಯಕನೋ ಅಮಾತ್ಯನೋ ಆಗಿದ್ದರೆ ಅವನ ಕಾಗದಪತ್ರಗಳೂ ಸಮಕಾಲೀನರ ಪ್ರಶಂಸೆಗಳೂ ಉಳಿದಿರುವುವು. ಸಾಮಾನ್ಯ ಸಿಪಾಯಿಯಾಗಿದ್ದರೆ ಆ ಸೌಕರ್ಯವಿಲ್ಲ. ಅಮೆರಿಕದ ಸ್ವಾತಂತ್ರ್ಯಸಂಗ್ರಾಮದಲ್ಲಿ (೧೭೭೫–೧೭೮೩) ಹೋರಾಡಿದ ಸಿಪಾಯಿಗಳ ವಿಷಯದಲ್ಲಿ ಈ ಕಷ್ಟವು ಇಮ್ಮಡಿಯಾಗಿದೆ. ಏಕೆಂದರೆ ಆ ದೇಶದ ಯುದ್ಧಖಾತೆಯ ದಾಖಲೆಗಳು ೧೮೦೦ನೆಯ ಇಸವಿ ನವೆಂಬರ್ ತಿಂಗಳಿನ ಅಗ್ನಿಪ್ರಮಾದದಲ್ಲಿ ಬಹುಮಟ್ಟಿಗೆ ನಾಶವಾದುವು. ಆದುದರಿಂದ ಶೋಧಕರಿಗೆ ಮುಖ್ಯಾಧಾರಗಳಾಗಿ ಒದಗುವುವು ತರುವಾಯದ ಪತ್ರಗಳು, ಎಂದರೆ ವಿಶ್ರಾಂತಿವೇತನವನ್ನು ಬೇಡಿ ಮುದಿಸಿಪಾಯಿಗಳೂ ಅವರ ವಿಧವೆಯರೂ ಸಲ್ಲಿಸಿದ ಅರ್ಜಿಗಳು. ಇಂಥ ಕಡತಗಳು ಸುಮಾರು ೮೦,೦೦೦ ಉಳಿದಿವೆ. ಇವಲ್ಲದೆ ಕೆಲವೇ ಮಂದಿ ಸಿಪಾಯಿಗಳು ಬರೆದಿಟ್ಟ ಸ್ವಾನುಭವಕಥನಗಳೂ ಉಂಟು. ಈ ಎರಡು ಬಗೆಯ ಆಧಾರಗಳೂ ಒಬ್ಬನ ವಿಷಯದಲ್ಲಿಯೇ ದೊರೆಯುವುದು ವಿರಳ. ಜೋಸೆಫ್ ಪ್ಲಮ್ ಮಾರ್ಟಿನನ ಗ್ರಂಥವು ವಿಮರ್ಶಾರ್ಹವಾಗಿರುವುದು ಈ ಕಾರಣದಿಂದ.

ಮಾರ್ಟಿನನು ೧೭೬೦ನೆಯ ನವೆಂಬರ್ ತಿಂಗಳಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಬೆಕೆಟ್ ಎಂಬಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ, ಕನೆಕ್ಟಿಕಟ್ ಪ್ರಾಂತದ ಮಿಲ್‌ಫರ್ಡಿನಲ್ಲಿ ಮಾತಾಮಹನ ಆಶ್ರಯದಲ್ಲಿ ಬೆಳೆದನು. ೧೭೭೬ರಲ್ಲಿ, ಹದಿನಾರು ತುಂಬುವ ಮೊದಲೇ, ಆರು ತಿಂಗಳ ಕರಾರಿನಿಂದ ದಂಡನ್ನು ಸೇರಿದನು. ಮರುವರ್ಷ ಯುದ್ಧವು ಮುಗಿಯುವವರೆಗಿನ ಸೇವೆಗೆ ಒಪ್ಪಿ ಪುನಃ ಸೇರಿ, ೧೭೮೩ರಲ್ಲಿ ಬಿಡುಗಡೆ ಹೊಂದಿದನು. ಅನಂತರ ಮೇಯ್ನ್ ಪ್ರದೇಶದಲ್ಲಿ ನೆಲಸಿ ಬೇಸಾಯದಿಂದ ಜೀವಿಸಿದನು. ಅವನ ಕಥನವು ೧೮೩೦ರಲ್ಲಿ ಹ್ಯಾಲೊವೆಲ್ ಎಂಬ ಊರಿನಲ್ಲಿ ಕರ್ತೃನಾಮವಿಲ್ಲದೆ ಅಚ್ಚಾಯಿತು; ಆಗ ಅದಕ್ಕೆ ಆದರವು ದೊರೆಯಲಿಲ್ಲ. ೧೯೬೨ರಲ್ಲಿ ಜಾರ್ಜ್ ಷಿಯರ್ ಎಂಬವರು ಅದನ್ನು ಸಂಪಾದಿಸಿ ಪ್ರಕಟಿಸಿದ ತರುವಾಯವೇ ವಿದ್ವಾಂಸರ ಗಮನವು ಅದರ ಕಡೆಗೆ ವಿಶೇಷವಾಗಿ ಹರಿಯಿತು.

ಯುದ್ಧಕಥನವೆಂದೊಡನೆ ವೀರರಸವನ್ನು ನಿರೀಕ್ಷಿಸುವ ವಾಚಕನಿಗೆ ಈ ಗ್ರಂಥವು ಆಶ್ಚರ್ಯವನ್ನುಂಟುಮಾಡುವುದು. ಇದರಲ್ಲಿ ಪದೇಪದೇ ಬರುವ ಶತ್ರುಗಳು ಹಸಿವು, ಚಳಿ, ಬರಿಗಾಲ ನಡಗೆ. ೧೭೭೭ರಲ್ಲಿ ಕಾಂಗ್ರೆಸ್ಸು ವಿಧಿಸಿದ ಕೃತಜ್ಞತಾದಿನದಂದು ಸಿಪಾಯಿಗಳಿಗೆ ಬಡಿಸಿದ ಔತಣವೆಂದರೆ ಬೊಗಸೆಯೂ ತುಂಬದಷ್ಟು ಅಕ್ಕಿ ಮತ್ತು ಒಂದು ಚಮಚದಷ್ಟು ವಿನಿಗರ್. ಇದನ್ನು ಹೇಳುವಾಗ ಲೇಖಕನು ಗೋಳಿಡುವುದಿಲ್ಲ, ನಗುತ್ತಾನೆ. ಆ ಹಾಸ್ಯದಿಂದಲೇ ಕರುಣವು ಹೊಮ್ಮುತ್ತದೆ. ಅದೇ ವರ್ಷ ಮಿಫ್ಲಿನ್ ಕೋಟೆಯಲ್ಲಿ ಸಿಪಾಯಿಗಳು ಪಟ್ಟ ಪಾಡಿಗೆ ಕೀರ್ತಿಯು ಬಾರದಿರಲು ಕಾರಣ ಅಲ್ಲಿ ಪ್ರಸಿದ್ಧ ಸೇನಾನಿಗಳಾರೂ ಇಲ್ಲದಿದ್ದುದೇ ಎಂಬ ಅವನ ಅಭಿಪ್ರಾಯವು ಚರಿತ್ರಕಾರರೆಲ್ಲರೂ ಮನನಮಾಡತಕ್ಕದ್ದು. ೧೭೮೧ನೆಯ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನ ಮುತ್ತಿಗೆಯಲ್ಲಿ ಸುರಂಗ ಮತ್ತು ಕಂದಕಗಳ ಕೆಲಸದ ದಳದಲ್ಲಿದ್ದು, ಶತ್ರುವಿನ ಕೊತ್ತಳದ ಮುಂದಣ ಮುಳ್ಳುಮರಗಳ ತಡೆಯನ್ನು ಕಡಿದು ದಾರಿಮಾಡಿದವರಲ್ಲಿ ಅವನೂ ಒಬ್ಬನು. ಅಲ್ಲಿ ಶರಣಾಗತನಾದ ಕಾರ್ನ್‌ವಾಲಿಸನೇ ೧೭೯೨ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟೀಪೂ ಸುಲ್ತಾನನನ್ನು ಸಂಧಿಗೆ ಒಳಪಡಿಸಿದವನೆಂಬುದು ಕನ್ನಡ ವಾಚಕರಿಗೆ ವಿದಿತವೇ ಆಗಿದೆ.

ಯುದ್ಧವು ಮುಗಿದ ನಲವತ್ತೇಳು ವರ್ಷಗಳ ಮೇಲೆ ಪ್ರಕಟವಾದ ಕಥನವು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬ ಆಕ್ಷೇಪವು ಸಹಜ. ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಗಣಿಸುವುದಿಲ್ಲ. ಆದರೆ ಸ್ಮೃತಿಯು ಪೂರ್ವಾನುಭವದ ಸಂಸ್ಕಾರದಿಂದ ಹುಟ್ಟತಕ್ಕದ್ದು. ಅನುಭವವು ಯಥಾರ್ಥವಾಗಿದ್ದರೆ ಸ್ಮೃತಿಯೂ ಯಥಾರ್ಥವಾಗಬಹುದೆಂದು ಅವರೇ ಒಪ್ಪುತ್ತಾರೆ. ಆದುದರಿಂದ ಇಲ್ಲಿ ವಿಷಯವಿಭಾಗವನ್ನು ಮಾಡಿಕೊಳ್ಳಬೇಕು. ತಾನು ಉಂಡದ್ದು, ಉಣದೆ ಇದ್ದದ್ದು, ಹೊತ್ತದ್ದು, ಕಂಡದ್ದು ಇವುಗಳಲ್ಲಿ ಮಾರ್ಟಿನನ ಮಾತು ಆಪ್ತವಾಕ್ಯ. ಸೈನ್ಯದ ಸಂಖ್ಯೆ, ತಾರೀಖು, ಸೇನಾನಿಗಳ ಮಂತ್ರಾಲೋಚನೆ ಇವುಗಳಲ್ಲಿ ಅನ್ಯಪ್ರಮಾಣದ ಸಂವಾದವು ಅವಶ್ಯ.

ವಂಶಶೋಧಕನ ದೃಷ್ಟಿಯಿಂದ ಗ್ರಂಥದ ನ್ಯೂನತೆಯು ಬೇರೊಂದು. ಅಧ್ಯಾಯಗಳು ದಂಡಯಾತ್ರೆಯ ವರ್ಷಗಳನ್ನನುಸರಿಸಿ ನಡೆದು, ಸೈನ್ಯದ ವಿಸರ್ಜನೆಯೊಡನೆ ಕಥೆಯು ನಿಲ್ಲುತ್ತದೆ. ೧೭೯೪ರಲ್ಲಿ ಅವನ ಕೈಹಿಡಿದ ಲೂಸಿ ಕ್ಲೂಲಿಯ ಸಂಸಾರವನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಆ ಸಂಸಾರವು ಕಾಣಿಸುವುದು ನ್ಯಾಯಸ್ಥಾನದ ಪತ್ರದಲ್ಲಿ. ೧೮೧೮ರ ಕಾಯಿದೆಯು ದಾರಿದ್ರ್ಯಕ್ಕೆ ಸಿಕ್ಕಿದ ಸಿಪಾಯಿಗೆ ತಿಂಗಳಿಗೆ ೮ ಡಾಲರ್ ವೇತನವನ್ನು ವಿಧಿಸಿತು. ೧೮೨೦ರ ಕಾಯಿದೆಯು ಅರ್ಜಿದಾರನು ತನ್ನ ಆಸ್ತಿಯ ಪಟ್ಟಿಯನ್ನು ಪ್ರಮಾಣಪೂರ್ವಕವಾಗಿ ಒಪ್ಪಿಸಬೇಕೆಂದಿತು. ಅದರಂತೆ ಮಾರ್ಟಿನನು ಒಪ್ಪಿಸಿದ ಪಟ್ಟಿಯಲ್ಲಿ ಎರಡು ಹಸು, ಆರು ಕುರಿ, ಒಂದು ಹಂದಿ; ಸ್ಥಿರಾಸ್ತಿಯಿಲ್ಲ. ವಾತರೋಗದಿಂದ ನರಳುವ ಹೆಂಡತಿ, ಐವರು ಮಕ್ಕಳು.

ವೇತನವನ್ನು ಬೇಡುವವನು ಬಡತನವನ್ನು ಹಿಗ್ಗಿಸಿ ಹೇಳಿರಬಹುದಲ್ಲವೆ ಎಂದರೆ, ಅದಕ್ಕೆ ಮೂರನೆಯ ಪ್ರಮಾಣವೊಂದು ಉತ್ತರಕೊಡುತ್ತದೆ. ಅವನು ಉಳುತ್ತಿದ್ದ ನೂರು ಎಕರೆ ಭೂಮಿಯು ಹೆನ್ರಿ ನಾಕ್ಸನಿಗೆ ಸೇರಿದುದೆಂದು ತೀರ್ಮಾನವಾಗಿ, ೧೭೯೭ರಲ್ಲಿ ಅದಕ್ಕೆ ೧೭೦ ಡಾಲರ್ ಬೆಲೆ ಕಟ್ಟಲಾಯಿತು. ಅದನ್ನು ತೆರಲಾರದೆ ಮಾರ್ಟಿನನು ಕ್ರಮಕ್ರಮವಾಗಿ ಭೂಮಿಯನ್ನು ಕಳೆದುಕೊಂಡನು. ಈ ನಾಕ್ಸನು ಯುದ್ಧಕಾಲದಲ್ಲಿ ವಾಷಿಂಗ್‌ಟನ್ನನ ಫಿರಂಗಿದಳದ ಅಧಿಪತಿಯಾಗಿದ್ದವನು. ಪ್ರತಿಜ್ಞಾಪತ್ರವೂ ಭೂವ್ಯವಹಾರವೂ ಹೀಗೆ ಒಂದಕ್ಕೊಂದು ಹೊಂದುವುದರಿಂದ ಪಟ್ಟಿಯನ್ನು ಅತಿಶಯೋಕ್ತಿಯೆಂದು ತಳ್ಳಲಾಗದು.

ಇನ್ನು ಖಾನೇಷುಮಾರಿಯ ಮಾತು. ೧೭೯೦ರಿಂದ ೧೮೪೦ರವರೆಗಿನ ಖಾನೇಷುಮಾರಿಗಳಲ್ಲಿ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆಯುತ್ತಿದ್ದರು. ಸ್ವತಂತ್ರ ಪ್ರಜೆಗಳೆಲ್ಲರ ಹೆಸರುಗಳನ್ನೂ ಬರೆಯತೊಡಗಿದುದು ೧೮೫೦ನೆಯ ಜೂನ್ ತಿಂಗಳಿನಿಂದ. ಮಾರ್ಟಿನನು ಅದೇ ವರ್ಷದ ಮೇ ೨ರಂದು ತೀರಿಕೊಂಡನು. ಇಂತಹ ಸಿಪಾಯಿಯ ಹೆಂಡತಿ ಮಕ್ಕಳನ್ನು ಅರಿಯಬೇಕಾದರೆ ಅವನು ಬಡವನಾಗಿ ನ್ಯಾಯಾಧೀಶನ ಮುಂದೆ ನಿಂತುದೇ ಬೆಳಕು. ೧೮೩೬ರ ಕಾಯಿದೆಯ ಮೇರೆಗೆ ವಿಧವೆಯರು ವಿವಾಹವನ್ನು ಸಿದ್ಧಪಡಿಸಲು ಮನೆಯ ಬೈಬಲ್ಲಿನಿಂದ ಹರಿದು ಕಳುಹಿಸಿದ ಹಾಳೆಗಳೂ ಇಂತಹವೇ.

ವಂಶಾವಳಿಗಳನ್ನು ಬರೆಯುವವರು ಯಾರ್ಕ್‌ಟೌನಿನ ಕೊತ್ತಳವನ್ನು ದಪ್ಪಕ್ಷರಗಳಲ್ಲಿ ಬರೆದು, ಹಸುಕುರಿಗಳ ಪಟ್ಟಿಯನ್ನು ಮಾನಹಾನಿಯೆಂದು ಬಿಡುವುದುಂಟು. ಅದು ಶೋಧನೆಯಲ್ಲ, ಪ್ರಶಸ್ತಿರಚನೆ. ಹೆಸರೊಂದು ಕೂಡಿದ ಮಾತ್ರದಿಂದ ಪೂರ್ವಜನೆಂದು ನಿಶ್ಚಯಿಸುವುದೂ ದೋಷವೇ. ವಯಸ್ಸು, ಊರು, ದಳ, ಹೆಂಡತಿಯ ಹೆಸರು ಇವು ನಾಲ್ಕೂ ಸಂವದಿಸಬೇಕು. ಮಾರ್ಟಿನನ ಗ್ರಂಥವು ಸಿಪಾಯಿಯನ್ನು ತೋರಿಸಿ ಗೃಹಸ್ಥನನ್ನು ಮರೆಮಾಡುತ್ತದೆ. ಪ್ರತಿಜ್ಞಾಪತ್ರವು ಗೃಹಸ್ಥನನ್ನು ತೋರಿಸಿ ಸಿಪಾಯಿಯ ನಗೆಯನ್ನು ಮರೆಮಾಡುತ್ತದೆ. ಎರಡನ್ನೂ ಸಮವಾಗಿ ಓದಿದವನಿಗೆ ಮಾತ್ರ ಪೂರ್ವಜನು ಪೂರ್ಣವಾಗಿ ದೊರೆಯುವನು. ಸಾಮಾನ್ಯ ಸಿಪಾಯಿಗಳಿಲ್ಲದೆ ಸೇನಾನಿಗಳ ಕೀರ್ತಿಯಿಲ್ಲವೆಂಬ ಅವನ ವಾದಕ್ಕೆ ಅವನ ಗ್ರಂಥಕ್ಕಿಂತಲೂ ಆ ಪಟ್ಟಿಯೇ ಬಲವಾದ ಸಾಕ್ಷಿಯೆಂದು ಹೇಳಬೇಕಾಗಿದೆ.