ಎಳೆಯರ ವಿಡಿಯೋ ಆಟಗಳು: ಔಚಿತ್ಯ ವಿಚಾರ

ಶಿಶುಸಾಹಿತ್ಯವು ವಿಮರ್ಶೆಗೆ ಅರ್ಹವಾದ ವಸ್ತುವೆಂಬುದನ್ನು ಕನ್ನಡಿಗರು ಒಪ್ಪಿ ಬಹುಕಾಲವಾಯಿತು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಕೊಡಗನ್ನು ಕುರಿತು ‘ಹುತ್ತರಿ ಹಾಡು’ ಬರೆದ ಪಂಜೆ ಮಂಗೇಶರಾಯರು (೧೮೭೪-೧೯೩೭) ಎಳೆಯರ ಕಥೆ, ಪದ್ಯಗಳಲ್ಲಿ ತಮ್ಮ ಪ್ರತಿಭೆಯನ್ನು ತೊಡಗಿಸಿ, ಮಕ್ಕಳಿಗಾಗಿ ಬರೆಯುವುದು ಕಿರಿದಾದ ಕೆಲಸವಲ್ಲವೆಂಬುದನ್ನು ಕೃತಿಯಿಂದಲೇ ತೋರಿಸಿಕೊಟ್ಟರು. ಮಕ್ಕಳ ಪುಸ್ತಕವೊಂದು ಕೈಗೆ ಬಂದರೆ ಅದರ ಭಾಷೆ ಹೇಗೆ, ವಸ್ತು ಹೇಗೆ, ಎಳೆಯ ಮನಸ್ಸಿಗೆ ಅದು ಒಪ್ಪುವುದೆ ಎಂದು ಕೇಳುವ ರೂಢಿ ಈಗ ನಮ್ಮಲ್ಲಿದೆ. ಆದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಪುಸ್ತಕಕ್ಕಿಂತ ಮುಂಚೆಯೇ ಮಗುವಿನ ಕೈಸೇರುತ್ತಿರುವ ವಿಡಿಯೋ ಆಟದ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳುವವರು ವಿರಳ. ಮಾರುವವರು ಅದನ್ನು ‘ಶೈಕ್ಷಣಿಕ’ವೆನ್ನುತ್ತಾರೆ, ಹಿರಿಯರು ಪೀಡೆಯೆನ್ನುತ್ತಾರೆ. ಎರಡೂ ವಿಮರ್ಶೆಯಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ತಕ್ಕ ಆಟವನ್ನು ಆರಿಸುವುದಕ್ಕೆ ಒಂದು ಮಾನದಂಡವನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡದಲ್ಲಿ ‘ಉಚಿತ’ವೆಂಬ ಶಬ್ದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ: ತಕ್ಕದ್ದು ಎಂಬುದೊಂದು, ಬೆಲೆಯಿಲ್ಲದ್ದು ಎಂಬುದಿನ್ನೊಂದು. ಆಟಗಳ ಪೇಟೆಯಲ್ಲಿ ಎರಡನೆಯ ಅರ್ಥವು ಮೊದಲನೆಯದನ್ನು ನುಂಗಿಬಿಟ್ಟಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಎಣಿಸಿದನು. ಸೊಂಟದ ಡಾಬನ್ನು ಕೊರಳಿಗೆ ತೊಡಿಸಿದರೆ ಆಭರಣವೂ ನಗೆಗೀಡಾಗುವುದೆಂಬುದು ಅವನು ಕೊಡುವ ದೃಷ್ಟಾಂತಗಳಲ್ಲೊಂದು. ಒಡವೆ ಒಳ್ಳೆಯದೇ, ಇಟ್ಟ ಎಡೆ ತಪ್ಪು. ಆಟದೊಳಗೆ ವಿದ್ಯೆಯನ್ನು ಇಟ್ಟಿರುವ ಎಡೆ ಯಾವುದೆಂಬುದನ್ನೂ ಹೀಗೆಯೇ ವಿಚಾರಿಸಬೇಕಾಗಿದೆ.

ಮೊದಲು, ಈಗ ಇರುವ ಅಳತೆಗೋಲುಗಳನ್ನು ನೋಡೋಣ. ಅಮೆರಿಕದಲ್ಲಿ ೧೯೯೪ರಲ್ಲಿ ಹುಟ್ಟಿದ ಇ.ಎಸ್.ಆರ್.ಬಿ., ಯುರೋಪಿನಲ್ಲಿ ೨೦೦೩ರಲ್ಲಿ ಬಂದ ‘ಪೆಗಿ’ ಎಂಬ ವ್ಯವಸ್ಥೆಗಳು ಆಟಗಳಿಗೆ ವಯಸ್ಸಿನ ಗುರುತನ್ನು ಕೊಡುತ್ತವೆ. ಪೆಗಿಯಲ್ಲಿ ೩, ೭, ೧೨, ೧೬, ೧೮ ಎಂದು ಐದು ಮೆಟ್ಟಿಲುಗಳು. ೩ ಎಂಬ ಗುರುತು ಆ ಆಟದಲ್ಲಿ ಭೀತಿ, ಹಿಂಸೆ, ಹೊಲಸು ಮಾತುಗಳಿಲ್ಲವೆಂಬುದನ್ನು ತಿಳಿಸುತ್ತದೆಯೇ ಹೊರತು, ಮೂರು ವರ್ಷದ ಮಗು ಅದನ್ನು ಆಡಬಲ್ಲುದೆಂದಾಗಲಿ, ಆಡಿ ಏನನ್ನಾದರೂ ಕಲಿಯುವುದೆಂದಾಗಲಿ ಹೇಳುವುದಿಲ್ಲ. ಚದುರಂಗಕ್ಕೂ ಅದೇ ಗುರುತು ಸಲ್ಲುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ತೆರೆಯನ್ನು ನೋಡುವ ಕಾಲ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಇನ್ನೂ ಕಡಮೆಯಾದರೆ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿತು. ನಮ್ಮ ದೇಶದ ೨೦೨೫ರ ಅಧಿನಿಯಮವೊಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇವೆಲ್ಲ ಬೇಲಿಗಳು. ಬೇಲಿ ಬೇಕೇ ಬೇಕು. ಆದರೆ ಒಳಗೆ ಬೆಳೆದದ್ದು ಪೈರೋ ಕಳೆಯೋ ಎಂಬುದನ್ನು ಬೇಲಿಯು ಹೇಳಲಾರದು.

ಹಾಗಾದರೆ ವಿಮರ್ಶಕನು ಆಟದಲ್ಲಿ ಓದಬೇಕಾದ ಪಠ್ಯವಾವುದು? ಚಿತ್ರ, ಸಂಗೀತ, ಕಥೆಗಳು ಆಟದ ಅಲಂಕಾರಗಳು. ನಿಯಮವೇ ಅದರ ಶರೀರ. ಮಗು ಏನನ್ನು ನೋಡುತ್ತದೆ ಎಂಬುದಕ್ಕಿಂತ, ನಿಯಮವು ಮಗುವಿನಿಂದ ಏನನ್ನು ಮಾಡಿಸುತ್ತದೆ ಎಂಬುದು ಮುಖ್ಯ. ನಮ್ಮ ಚೆನ್ನೆಮಣೆಯನ್ನು ನೋಡಿ. ಅಳಗುಳಿಮಣೆಯೆಂಬುದೂ ಇದರ ಹೆಸರೇ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಸಾಮಾನ್ಯವಾಗಿ ಗುಳಿಗೆ ನಾಲ್ಕು ಕಾಳು. ಒಂದು ಗುಳಿಯ ಕಾಳನ್ನೆತ್ತಿ ಮುಂದಿನವುಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಎಲ್ಲಿ ಎತ್ತಿದರೆ ಎಲ್ಲಿ ಮುಗಿಯುವುದೆಂದು ಮೊದಲೇ ಎಣಿಸದವನಿಗೆ ಗೆಲವು ದುರ್ಲಭ. ಇಲ್ಲಿ ಲೆಕ್ಕವೇ ನಡೆ. ಲೆಕ್ಕವನ್ನು ತೆಗೆದರೆ ಉಳಿಯುವುದು ಬರಿಯ ಮರದ ಹಲಗೆ.

ಇದರೊಡನೆ ೧೯೮೩ರಲ್ಲಿ ಅಮೆರಿಕದಲ್ಲಿ ಬಂದ ‘ಮ್ಯಾಥ್ ಬ್ಲಾಸ್ಟರ್’ ಎಂಬ ಆಟವನ್ನು ಹೋಲಿಸಬಹುದು. ಇಂದಿನ ಅಸಂಖ್ಯ ಮೊಬೈಲ್ ಆಟಗಳು ಈ ಜಾತಿಗೆ ಸೇರಿದವು. ಕೂಡುವ, ಕಳೆಯುವ ಲೆಕ್ಕವೊಂದು ತೆರೆಯ ಮೇಲೆ ಮೂಡುತ್ತದೆ. ಮಗು ಸರಿಯುತ್ತರಕ್ಕೆ ಗುರಿಯಿಡುತ್ತದೆ. ಲೆಕ್ಕದ ಬದಲು ಕಾಗುಣಿತವನ್ನೋ ಊರುಗಳ ಹೆಸರನ್ನೋ ಇಟ್ಟರೂ ಆಟವು ಎಳ್ಳಷ್ಟೂ ಬದಲಾಗದು. ಡಾಬು ಕೊರಳಿನಲ್ಲಿದೆ. ಇಂತಹ ಆಟದಿಂದ ಪ್ರಯೋಜನವೇ ಇಲ್ಲವೆಂದು ಹೇಳುವಂತಿಲ್ಲ. ಮಗ್ಗಿಯನ್ನು ರೂಢಿಮಾಡಿಸುವುದಕ್ಕೆ ಅದು ಸಾಕಾದೀತು. ಆದರೆ ಆನಂದವು ಹೊಡೆಯುವುದರಲ್ಲಿದ್ದು, ಗಣಿತವು ಆ ಆನಂದಕ್ಕೆ ತೆರಬೇಕಾದ ಸುಂಕವಾಗುತ್ತದೆ. ಸುಂಕವನ್ನು ಪ್ರೀತಿಸಿದವರುಂಟೆ? ಆದುದರಿಂದ ‘ಶೈಕ್ಷಣಿಕ’ವೆಂಬ ಹಣೆಪಟ್ಟಿಗೆ ನಾವು ಒಡ್ಡಬೇಕಾದ ಮೊದಲ ಪರೀಕ್ಷೆ ಇದು: ಕಲಿಕೆಯನ್ನು ಹೊರಗೆ ತೆಗೆದರೂ ಆಟವು ಹಾಗೆಯೇ ಉಳಿಯುವುದೆ? ಉಳಿಯುವುದಾದರೆ ಅಲ್ಲಿ ಕಲಿಕೆ ಅಂಗವಲ್ಲ, ಅಂಟಿಸಿದ್ದು.

ಈ ಪರೀಕ್ಷೆಯಲ್ಲಿ ಗೆಲ್ಲುವ ಆಟಗಳಿಲ್ಲವೆಂದಲ್ಲ. ೨೦೧೪ರಲ್ಲಿ ಬಂದ ‘ಸ್ಕ್ರ್ಯಾಚ್ ಜೂನಿಯರ್’ ಐದರಿಂದ ಏಳು ವರ್ಷದವರಿಗೆಂದು ರಚಿತವಾದುದು. ಚಿತ್ರಗಳುಳ್ಳ ತುಂಡುಗಳನ್ನು ಸಾಲಾಗಿ ಜೋಡಿಸಿ ಮಗು ತನ್ನ ಬೆಕ್ಕನ್ನು ನಡೆಸುತ್ತದೆ, ನೆಗೆಸುತ್ತದೆ. ಯಾವುದರ ನಂತರ ಯಾವುದು ಎಂಬ ಕ್ರಮಜ್ಞಾನವೇ ಇಲ್ಲಿ ಆಟ; ಕ್ರಮ ತಪ್ಪಿದರೆ ಬೆಕ್ಕು ಬೇರೆಡೆಗೆ ಹೋಗುತ್ತದೆ, ತಪ್ಪನ್ನು ಮಗು ತಾನೇ ಕಾಣುತ್ತದೆ. ೨೦೦೨ರ ‘ಟಕ್ಸ್ ಪೇಂಟ್’ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಅಂಕವಿಲ್ಲ, ಸೋಲಿಲ್ಲ. ಇದನ್ನು ಆಟವೆನ್ನಬಹುದೆ ಎಂದು ಶಂಕಿಸುವವರಿದ್ದಾರೆ. ಗೆಲುವಿಲ್ಲದೆ ಗುಬ್ಬಚ್ಚಿಮನೆ ಕಟ್ಟುವ ಮಗುವನ್ನು ಕಂಡವರಿಗೆ ಈ ಶಂಕೆ ಬಾರದು. ಆದರೂ ಇದರಲ್ಲಿ ಕೊರತೆಯುಂಟು: ಸಿದ್ಧಚಿತ್ರಗಳ ಮುದ್ರೆಯನ್ನು ಒತ್ತುವ ಸೌಲಭ್ಯವು ಕೈಯಿಂದ ಗೆರೆ ಎಳೆಯುವ ಶ್ರಮವನ್ನು ತಪ್ಪಿಸಿ, ಸೋಮಾರಿತನಕ್ಕೆ ಎಡೆಮಾಡಬಹುದು. ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತರೆ ಮಾತ್ರ ಈ ದೋಷ ನಿವಾರಣೆಯಾದೀತು.

ಇಲ್ಲಿ ಒಂದು ಆಕ್ಷೇಪವು ಸಹಜ. ಮಂದಿನಲ್ಲಿ ಕೋಲಾಟವಾಡಿದ, ೧೯೯೭ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಿಂದ ಹೆಸರಾದ ನಾಡಿನ ಮಕ್ಕಳಿಗೆ ತೆರೆಯ ಆಟವೇಕೆ? ಆಕ್ಷೇಪದಲ್ಲಿ ಸತ್ಯವಿದೆ, ಮೈದಾನಕ್ಕೆ ತೆರೆ ಎಂದಿಗೂ ಬದಲಿಯಲ್ಲ. ಆದರೆ ಕೊಡಗಿನ ಕಕ್ಕಡದ ಮಳೆಯನ್ನೂ, ತೋಟಗಳ ನಡುವೆ ಚದುರಿದ ಒಂಟಿ ಮನೆಗಳನ್ನೂ ಮರೆಯಬಾರದು. ನೆರೆಮನೆಯ ಮಗು ಕೂಗಳತೆಯಲ್ಲಿಲ್ಲದ ಕಡೆ, ಶಾಲೆಗೆ ಮಳೆಯ ರಜೆ ಬಂದ ದಿನ, ಮಗುವಿಗೆ ಮನೆಯೊಳಗಿನ ಆಟ ಬೇಕಾಗುತ್ತದೆ. ನೆರೆಯ ತುಳುನಾಡಿನಲ್ಲಿ ಚೆನ್ನೆಮಣೆಯು ಆಟಿಯ ಮಳೆಗಾಲದ ಆಟವಾದದ್ದೂ ಇದರಿಂದಲೇ. ೨೦೨೦ರಲ್ಲಿ ಶಾಲೆಗಳು ಮುಚ್ಚಿ, ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು ಪಾಠ ಮುಗಿದ ಮೇಲೂ ಕೈಬಿಡಲಿಲ್ಲ. ಕೇವಲ ನಿಷೇಧವು ಈ ಸ್ಥಿತಿಗೆ ಉತ್ತರವಾಗಲಾರದು.

ಇನ್ನು ಭಾಷೆಯ ವಿಚಾರ. ಕೊಡಗಿನ ಮಗು ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಎರವರ, ಜೇನುಕುರುಬರ ನುಡಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನೋ ಇಂಗ್ಲಿಷನ್ನೋ ಎದುರಿಸುತ್ತದೆ. ಟಕ್ಸ್ ಪೇಂಟಿನ ಕನ್ನಡ ರೂಪವುಂಟು. ಲೋಕಪ್ರಸಿದ್ಧವಾದ ‘ಮೈನ್‌ಕ್ರಾಫ್ಟ್’ ಆಟದ ಬರಹವನ್ನೂ ಉತ್ಸಾಹಿಗಳು ಕನ್ನಡಕ್ಕೆ ತಂದಿದ್ದಾರೆ. ಇದು ಸ್ತುತ್ಯ. ಆದರೆ ಓದು ಬಾರದ ಮಗುವಿಗೆ ಬರಹವಲ್ಲ, ದನಿ ಬೇಕು. ದನಿಯಾದರೋ ಬಹುಮಟ್ಟಿಗೆ ಇಂಗ್ಲಿಷಿನದೇ ಆಗಿದೆ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದಾಗ, ದನಿಯಲ್ಲಿ ಮಾತ್ರ ಬದುಕಿದ್ದ ಹಾಡುಗಳಿಗೆ ಬರಹದ ಆಸರೆ ಕೊಟ್ಟರು. ಇಂದಿನ ಅಗತ್ಯ ಅದಕ್ಕೆ ತಿರುಗುಮುರುಗಾದದ್ದು. ಹಾಗೆಂದು ನಾಯಕನಿಗೆ ಕುಪ್ಯ ತೊಡಿಸಿ, ಪೀಚೆಕತ್ತಿ ಸಿಕ್ಕಿಸಿ, ನಾಣ್ಯ ಆರಿಸುವ ಹಳೆಯ ಓಟವನ್ನೇ ಓಡಿಸಿದರೆ ಅದು ಕೊಡಗಿನ ಆಟವಾಗದು. ವೇಷ ಬದಲಾದ ಮಾತ್ರಕ್ಕೆ ನಿಯಮ ಬದಲಾಗುವುದಿಲ್ಲ.

ಕೊನೆಯದಾಗಿ ಮುಕ್ತಾಯದ ವಿಚಾರ. ಚೆನ್ನೆಮಣೆಗೆ ಎದುರಾಳಿ ಬೇಕು, ಅದಕ್ಕೆ ಮುಗಿತಾಯವಿದೆ. ಬೆಲೆಯಿಲ್ಲದೆ ದೊರೆಯುವ ಬಹುಪಾಲು ಆಟಗಳು ಮಗುವನ್ನು ಒಂಟಿಯಾಗಿ ಕೂರಿಸುತ್ತವೆ. ಮುಗಿಯದಿರುವುದೇ ಅವುಗಳ ಲಾಭ. ನಡುನಡುವೆ ಜಾಹೀರಾತು ತೋರುತ್ತದೆ. ಆಟ ಯಾವುದು, ಅಂಗಡಿ ಯಾವುದು ಎಂದು ಬೇರ್ಪಡಿಸುವ ಶಕ್ತಿ ನಾಲ್ಕು ವರ್ಷದ ಮಗುವಿಗೆ ಇರುವುದಿಲ್ಲ. ಮಕ್ಕಳನ್ನು ಗುರಿಯಾಗಿಸಿಕೊಂಡ ಜಾಹೀರಾತನ್ನು ತಡೆಯುವ ವಿಧಿ ೨೦೨೩ರ ದತ್ತಾಂಶ ಸಂರಕ್ಷಣೆಯ ಅಧಿನಿಯಮದಲ್ಲಿದೆ. ಆದರೂ ಒಂದೇ ಮೊಬೈಲುಳ್ಳ ತೋಟದ ಲೈನುಮನೆಯ ಮಗುವಿಗೂ ಕಾಸು ತೆತ್ತು ಜಾಹೀರಾತಿಲ್ಲದ ಆಟವನ್ನು ತರಿಸಬಲ್ಲ ಮನೆಯ ಮಗುವಿಗೂ ಇರುವ ಅಂತರವನ್ನು ವಿಧಿಯೊಂದೇ ತುಂಬದು. ಟಕ್ಸ್ ಪೇಂಟಿನಂತಹ ಸ್ವತಂತ್ರ ತಂತ್ರಾಂಶಗಳು ಎರಡೂ ಅರ್ಥಗಳಲ್ಲಿ ಉಚಿತವಾಗಿರುವುದರಿಂದ, ಶಾಲೆ, ಅಂಗನವಾಡಿಗಳ ಆಯ್ಕೆಯಲ್ಲಿ ಅವಕ್ಕೆ ಅಗ್ರಸ್ಥಾನ ಸಲ್ಲಬೇಕು.

ಕಲಿಕೆಯು ಆಟದ ನಡೆಯೊಳಗೇ ಇದೆಯೆ, ಅದರ ದನಿ ಮಗುವಿಗೆ ಅರ್ಥವಾಗುವುದೆ, ಅದು ಇನ್ನೊಬ್ಬರಿಗೆ ಎಡೆಕೊಟ್ಟು ತಾನಾಗಿ ಮುಗಿಯುವುದೆ—ಈ ಮೂರು ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಹಿರಿಯರು ಆಟವನ್ನು ಮೊದಲು ತಾವೇ ಆಡಿ ನೋಡಬೇಕು. ಓದದೆ ಗ್ರಂಥವಿಮರ್ಶೆ ಬರೆಯುವುದನ್ನು ನಾವು ಸಹಿಸುವುದಿಲ್ಲ. ಮಕ್ಕಳ ಆಟದ ವಿಷಯದಲ್ಲಿಯೂ ಅದೇ ನ್ಯಾಯ. ಕನ್ನಡ ವಿಭಾಗಗಳು ಮಕ್ಕಳ ಪುಸ್ತಕಗಳನ್ನು ಪರಿಶೀಲಿಸುವಂತೆ ಈ ಆಟಗಳನ್ನೂ ಹೆಸರು ಹಿಡಿದು, ಗುಣದೋಷ ವಿವೇಚಿಸಿ ಬರೆಯತೊಡಗಿದರೆ, ಕೊಡಗಿನ ತಾಯಿತಂದೆಯರಿಗೆ ಮಾರುವವನ ಮಾತಲ್ಲದೆ ಬೇರೊಂದು ಮಾತೂ ಕೇಳಿಸೀತು.