ಸೋಡಚೀಟಿಗೂ ಒಂದು ಊರು ಬೇಕು

ಅಗರಖೇಡದಂಥ ಭೀಮಾ ತೀರದ ಊರುಗಳಲ್ಲಿ ‘ವಿಚ್ಛೇದನ’ ವಕೀಲರ ಮಾತು. ಜನರ ಮಾತು ‘ಸೋಡಚೀಟಿ’. ಮರಾಠಿಯಿಂದ ಬಂದ ಶಬ್ದ, ಬಿಡುಗಡೆಯ ಚೀಟಿ ಎಂದರ್ಥ. ಎರಡೂ ಕಡೆಯ ಹಿರಿಯರು ಕೂತು, ಕೊಟ್ಟದ್ದು ತಗೊಂಡದ್ದು ಲೆಕ್ಕ ಮಾಡಿ, ಸಾಕ್ಷಿ ಹಾಕಿಸಿ ಬರೆಸುವ ಕಾಗದ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ತನ್ನ 29ನೇ ಕಲಮಿನಲ್ಲಿ ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿದೆ. ಅಂಥ ರೂಢಿ ಇದೆ ಎಂದು ಸಾಬೀತು ಮಾಡುವುದು ಮಾತ್ರ ಹಾಗೆ ಹೇಳಿದವರ ಹೊಣೆ. ಈ ಪದ್ಧತಿಯನ್ನು ಹೊಗಳಲು ನಾನು ಹೊರಟಿಲ್ಲ. ಪಂಚರೆಲ್ಲ ಗಂಡಸರೇ. ಆದರೆ ಆ ಚೀಟಿಗೆ ಒಂದು ಊರು ಇತ್ತು. ಹೆಂಗಸಿಗೆ ಮಾತಾಡಲು ಬಿಡದಿದ್ದರೂ ಅವಳ ಅಣ್ಣನೋ ಸೋದರಮಾವನೋ ಅಲ್ಲಿ ಕೂತಿರುತ್ತಿದ್ದ.

ಗಂಡ ಅಮೆರಿಕದಲ್ಲಿ, ಹೆಂಡತಿ ಇಲ್ಲಿ. ಆಗ ಚೀಟಿ ಬರೆಯುವ ಊರು ಯಾವುದು? ಇದನ್ನು ಕೇಳಿಕೊಂಡ ಕನ್ನಡ ಕತೆಗಳು ನನ್ನ ಓದಿಗೆ ಸಿಕ್ಕಿದ್ದು ಕಡಿಮೆ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಕೇಳಿಕೊಂಡಿವೆ. ಅವನ್ನು ಕಾನೂನಿನ ವಿದ್ಯಾರ್ಥಿಗಳಿಗಷ್ಟೇ ಬಿಟ್ಟುಕೊಟ್ಟು ನಾವು ನಷ್ಟ ಮಾಡಿಕೊಂಡಿದ್ದೇವೆ ಎಂಬುದು ನನ್ನ ವಾದ.

ಮೊದಲನೆಯದು ‘ಸತ್ಯಾ ವಿರುದ್ಧ ತೇಜಾ ಸಿಂಗ್’, 1974. ಬರೆದವರು ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. 1955ರಲ್ಲಿ ಪಂಜಾಬಿನಲ್ಲಿ ಮದುವೆ, ಎರಡು ಮಕ್ಕಳು. 1959ರಲ್ಲಿ ಗಂಡ ಓದಲಿಕ್ಕೆಂದು ಅಮೆರಿಕಕ್ಕೆ ಹೋದ. 1965ರಲ್ಲಿ ಹೆಂಡತಿ ಜೀವನಾಂಶ ಕೇಳಿದಳು. ಅವಳು ನನ್ನ ಹೆಂಡತಿಯೇ ಅಲ್ಲ, ನೆವಾಡಾದ ನ್ಯಾಯಾಲಯ 1964ರ ಡಿಸೆಂಬರಿನಲ್ಲೇ ವಿಚ್ಛೇದನ ಕೊಟ್ಟಿದೆ ಎಂಬುದು ಅವನ ಉತ್ತರ. ನೆವಾಡಾದಲ್ಲಿ ಆರು ವಾರ ಇದ್ದರೆ ವಿಚ್ಛೇದನದ ಅರ್ಜಿ ಹಾಕಬಹುದಿತ್ತು.

ಇಡೀ ಕಥನದಲ್ಲಿ ಕ್ರಿಯಾಪದಗಳೆಲ್ಲ ಗಂಡನವು: ಹೋದ, ಓದಿದ, ನೌಕರಿ ಹಿಡಿದ, ಅರ್ಜಿ ಹಾಕಿದ. ಹೆಂಡತಿಗಿರುವುದು ಇದ್ದಲ್ಲೇ ಇದ್ದು ಕೇಳಿದ್ದು, ಅಷ್ಟೇ. ಹೈಕೋರ್ಟು ಇದಕ್ಕೊಂದು ವ್ಯಾಕರಣವನ್ನೂ ಒದಗಿಸಿತ್ತು. ಹೆಂಡತಿಯ ಕಾಯಂ ನೆಲೆ ಗಂಡನ ನೆಲೆಯನ್ನೇ ಹಿಂಬಾಲಿಸುತ್ತದೆ ಎಂಬ ಹಳೆಯ ಇಂಗ್ಲಿಷ್ ನಿಯಮ ಅದು. ಅಂದರೆ ನೆವಾಡಾವನ್ನು ಭೂಪಟದಲ್ಲೂ ನೋಡಿರದ ಹೆಂಗಸು ಕಾಗದದ ಮೇಲೆ ನೆವಾಡಾದವಳು! ಸುಪ್ರೀಂ ಕೋರ್ಟು ಇದನ್ನು ತಿರುಗಿಸಿತು. ಅವನು ಅಲ್ಲಿ ನೆಲೆಸಿದವನಲ್ಲ, ನೆಲೆಸಿದ್ದೇನೆಂದು ಸುಳ್ಳು ಹೇಳಿ ಡಿಕ್ರಿ ಪಡೆದವನು. ಮೋಸದಿಂದ ಪಡೆದ ವಿದೇಶಿ ತೀರ್ಪು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನಂತೆ ಇಲ್ಲಿ ನಿಲ್ಲುವುದಿಲ್ಲ ಎಂದಿತು. ಅಲ್ಲಿ ನ್ಯಾಯಮೂರ್ತಿಗಳು ಒಂದು ರೂಪಕ ಬಳಸುತ್ತಾರೆ. ಗಂಡನನ್ನು ಹಾದುಹೋಗುವ ಹಕ್ಕಿಗೆ ಹೋಲಿಸುತ್ತಾರೆ.

ಈ ಹಕ್ಕಿಯ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಕಡೆಯ ಹಾಡುಗಳಲ್ಲೂ ಹಕ್ಕಿ ಬರುತ್ತದೆ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳು. ಕೊಟ್ಟ ಹೆಣ್ಣು ಕುಲದ ಹೊರಗೆ ಎಂಬ ನಿಯಮ ಈ ಹಾಡಿನ ಹೆಂಗಸರಿಗೂ ಗೊತ್ತು. ಇಂಗ್ಲಿಷ್ ನಿಯಮಕ್ಕಿಂತ ಅದೇನೂ ಮೃದುವಲ್ಲ. ಆದರೂ ಹಾಡು ತವರನ್ನು ಬಿಟ್ಟುಕೊಡುವುದಿಲ್ಲ. ಗಂಡನ ಮನೆಯಲ್ಲಿ ಕೂತು ಅವಳು ತವರಿನ ದಾರಿ, ಅಣ್ಣನ ಬರವು ಎಣಿಸುತ್ತಾಳೆ. ಜನಪದರ ಗಿಳಿ ಸುದ್ದಿ ಹೊತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ತೀರ್ಪಿನ ಹಕ್ಕಿಗೆ ಯಾವ ಮನೆಯೂ ಇಲ್ಲ, ಅದು ಯಾರ ಸುದ್ದಿಯನ್ನೂ ಒಯ್ಯುವುದಿಲ್ಲ. ಹೆಂಗಸಿಗೆ ಎರಡು ನೆಲೆ ಇರಬಹುದು ಎಂದು ತ್ರಿಪದಿ ಯಾವಾಗಲೋ ಒಪ್ಪಿಕೊಂಡಿತ್ತು. ಅವಳಿಗೆ ತನ್ನದೇ ಒಂದು ನೆಲೆ ಇದೆ ಎನ್ನುವುದಕ್ಕೇ ಕಾನೂನು ಇಷ್ಟು ಕಾಲ ತೆಗೆದುಕೊಂಡಿತು.

ಎರಡನೆಯದು 1991ರ ‘ವೈ. ನರಸಿಂಹ ರಾವ್ ವಿರುದ್ಧ ವೈ. ವೆಂಕಟಲಕ್ಷ್ಮಿ’, ಬರೆದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ಮದುವೆ ತಿರುಪತಿಯಲ್ಲಿ, 1975ರಲ್ಲಿ. ಗಂಡ ಮೊದಲು ತಿರುಪತಿಯಲ್ಲೇ ವಿಚ್ಛೇದನದ ಅರ್ಜಿ ಹಾಕಿದ್ದ. ಅದನ್ನು ಬದಿಗಿಟ್ಟು, 90 ದಿನ ವಾಸ ಸಾಕೆನ್ನುವ ಮಿಸ್ಸೂರಿಯಲ್ಲಿ ಡಿಕ್ರಿ ಪಡೆದು ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟಳು. ಗಮನಿಸಿ, ಎರಡೂ ಪ್ರಕರಣಗಳಲ್ಲಿ ಹೆಂಗಸು ಕೋರ್ಟಿಗೆ ಹೋದದ್ದು ವಿಚ್ಛೇದನವನ್ನು ಪ್ರಶ್ನಿಸಲಿಕ್ಕಲ್ಲ. ವಿಚ್ಛೇದನ ಗಂಡನ ಉತ್ತರವಾಗಿ ಕತೆಯೊಳಗೆ ಬರುತ್ತದೆ.

ಈ ತೀರ್ಪಿನಲ್ಲಿ ನನ್ನನ್ನು ಹಿಡಿದದ್ದು ಒಂದು ಸಣ್ಣ ವಾಕ್ಯ. ಮಿಸ್ಸೂರಿಯ ನೋಟಿಸಿಗೆ ಅವಳು ಇಲ್ಲಿಂದಲೇ, ತನ್ನ ಆಕ್ಷೇಪಣೆ ದಾಖಲಿಸಿ, ಉತ್ತರ ಕಳಿಸಿದ್ದಳು ಎಂಬುದು. ಆ ಕಾಗದವನ್ನು ತೀರ್ಪು ನಮಗೆ ಓದಿಸುವುದಿಲ್ಲ. ಇಡೀ ಪ್ರಕರಣದಲ್ಲಿ ಅವಳ ದನಿ ಇದ್ದಿರಬಹುದಾದ ಪಠ್ಯ ಅದೊಂದೇ ಎಂದು ನನಗನ್ನಿಸುತ್ತದೆ. ಆದರೂ ತೀರ್ಪು ಅದಕ್ಕೆ ಬೆಲೆ ಕೊಟ್ಟಿತು: ‘ನಿಮಗೆ ಅಧಿಕಾರವಿಲ್ಲ’ ಎಂದು ಹೇಳಲಿಕ್ಕಷ್ಟೇ ಉತ್ತರ ಕೊಟ್ಟರೆ ಆ ನ್ಯಾಯಾಲಯಕ್ಕೆ ತಲೆಬಾಗಿದಂತಲ್ಲ ಎಂದಿತು.

ಮದುವೆ ಯಾವ ಕಾನೂನಿನಡಿ ಆಗಿದೆಯೋ ಅದೇ ಕಾನೂನು ಒಪ್ಪುವ ನ್ಯಾಯಾಲಯ ಮತ್ತು ಕಾರಣ ಇರಬೇಕು ಎಂಬುದು ಅಂದಿನ ನಿಯಮ, ಇಂದಿಗೂ ಅದೇ. ‘ಸಂಬಂಧ ಮತ್ತೆ ಕೂಡದಷ್ಟು ಮುರಿದಿದೆ’ ಎಂಬ ಮಿಸ್ಸೂರಿಯ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ವಿನಾಯಿತಿ ಮೂರು. ಎದುರು ಪಕ್ಷ ಆ ದೇಶದಲ್ಲೇ ಕಾಯಂ ನೆಲೆಸಿದ್ದು, ಕಾರಣ ನಮ್ಮ ಕಾನೂನಿನಲ್ಲೂ ಇದ್ದರೆ. ಅಂಥ ಕಾರಣಕ್ಕೇ ನಡೆದ ದಾವೆಯಲ್ಲಿ ಆಕೆ ತಾನಾಗಿ ಹಾಜರಾಗಿ ವಾದಿಸಿದರೆ. ಅಥವಾ ಒಪ್ಪಿಗೆ ಕೊಟ್ಟರೆ. ಈ ಮೂರನೆಯದರ ಬಗ್ಗೆ ನನಗೆ ತಕರಾರಿದೆ. ಒಪ್ಪಿಗೆ ಎಂದರೇನು ಎಂಬುದು ಸಾಹಿತ್ಯದವರಿಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆ. ಇಂಗ್ಲಿಷಿನ ಹತ್ತಾರು ಪುಟ ಮನೆಗೆ ಬರುತ್ತವೆ, ಕೆಳಗೆ ಸಹಿಯ ಗೆರೆ. ‘ಸಹಿ ಮಾಡವ್ವ, ಮುಗಿದ್ಹೋಗ್ತದ’ ಎನ್ನುವವರು ಸುತ್ತ ಇರುತ್ತಾರೆ. ಇಂಥ ಸಹಿಯನ್ನು ಪಂಚರ ಎದುರಿನ ಹೆಬ್ಬೆಟ್ಟಿಗಿಂತ ಹೆಚ್ಚು ಸ್ವತಂತ್ರ ಎಂದು ನಂಬಲು ನನಗೆ ಕಷ್ಟ.

ಅವಳಿಗಿರುವ ದಾರಿಯನ್ನೂ ಹೇಳಬೇಕು. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನ ಪ್ರಕಾರ ಮದುವೆ ನಡೆದ ಸ್ಥಳದ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಅಗರಖೇಡದಲ್ಲಿ ಅಕ್ಕಿಕಾಳು ಬಿದ್ದಿದ್ದರೆ, ಗಂಡ ಹೆಂಡತಿ ಇಬ್ಬರೂ ಟೆಕ್ಸಾಸಿನಲ್ಲಿದ್ದರೂ, ವಿಜಯಪುರ ಜಿಲ್ಲೆಯ ನ್ಯಾಯಾಲಯಕ್ಕೆ ಅಧಿಕಾರ ಉಂಟು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನಿರುವ ಊರಿನಲ್ಲೂ ಅರ್ಜಿ ಹಾಕಬಹುದು. ಆ ಒಂದು ಉಪಕಲಮು ಯಾವ ತಿದ್ದುಪಡಿಗಿಂತಲೂ ತ್ರಿಪದಿಗೆ ಹತ್ತಿರ.

ಕೊನೆಗೆ ಇದರ ಮಗ್ಗುಲು. ಹೊರದೇಶದ ಹೆಂಡತಿಯನ್ನು ನಮ್ಮ ಹಳ್ಳಿಗೆ ಕರೆತಂದ ಕಾದಂಬರಿ ಎಂದರೆ ನೆನಪಾಗುವುದು ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’, 1968. ಅಲ್ಲಿಯ ಹಿಲ್ಡಾ ಅಮೆರಿಕದವಳು. ಗೋವಿನ ಸುತ್ತ ಕಾದಂಬರಿ ಕಟ್ಟುವ ವಾದ ನಮ್ಮ ವಿಮರ್ಶೆಯನ್ನು ಎಷ್ಟು ಆವರಿಸಿದೆಯೆಂದರೆ, ಆ ಮನೆಯಲ್ಲಿ ಹಿಲ್ಡಾಳ ಕಾಲ ಕೆಳಗಿನ ನೆಲ ಯಾವುದು ಎಂಬ ಚರ್ಚೆಯನ್ನು ನಾನಂತೂ ಹೆಚ್ಚು ಕಂಡಿಲ್ಲ. ಮರುವರ್ಷ, 1969ರಲ್ಲಿ, ವಿದೇಶಿ ವಿವಾಹ ಕಾಯ್ದೆ ಬಂತು. ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ, ಹೊರದೇಶದಲ್ಲಿ ಆದ ಮದುವೆಗೂ ವಿಶೇಷ ವಿವಾಹ ಕಾಯ್ದೆಯಂತೆ ಇಲ್ಲಿ ಪರಿಹಾರ ಕೇಳಬಹುದು ಎಂದಿತು. ಆದರೆ ಹಿಲ್ಡಾಳಂಥವಳು ಬಿಡುಗಡೆ ಕೇಳಬೇಕಾದರೆ, ಅರ್ಜಿ ಹಾಕುವಾಗ ಇಬ್ಬರ ಕಾಯಂ ನೆಲೆ ಭಾರತವೇ ಆಗಿರಬೇಕು. ಇಲ್ಲಿಂದ ಹೊರಟು ಹೋಗುವ ಹಕ್ಕಿಗೆ ಇಲ್ಲಿಯವಳೆಂದು ಮೊದಲು ತೋರಿಸಿಕೊಳ್ಳಬೇಕು. ಇಡೀ ಊರು ಹಿಲ್ಡಾಳಿಗೆ ಅಲ್ಲಗಳೆದದ್ದು ಅದನ್ನೇ.