ಬೇಲಿ ಇದೆ, ಬೋರ್ಡ್ ಇಲ್ಲ

ಸಾಫ್ಟ್‌ವೇರ್ ಇಂಜಿನಿಯರ್ ಆದವನಿಗೆ ಆಫೀಸಿನ ಕೆಲಸದ ಜೊತೆಗೆ ನೆಂಟರಿಷ್ಟರ ಮನೆಗಳಲ್ಲಿ ಇನ್ನೊಂದು ಕೆಲಸ ಕಾಯಂ ಆಗಿರುತ್ತೆ. ಸಂಬಳ ಇಲ್ಲ, ಭಾನುವಾರ ರಜೆ ಇಲ್ಲ, ಕಾಫಿ ಮಾತ್ರ ಗ್ಯಾರಂಟಿ. ಮೊದಲೆಲ್ಲ "ಪ್ರಿಂಟರ್ ಕೆಲಸ ಮಾಡ್ತಿಲ್ಲ, ಬಂದು ನೋಡಪ್ಪ" ಅಂತ ಕರೀತಿದ್ರು. ಈಗ ಬರೋ ಫೋನು ಎರಡೇ ಥರ. ಒಂದು, "ಮಗನ ಕಂಪ್ಯೂಟರಿಗೆ ಫಿಲ್ಟರ್ ಹಾಕ್ಸಿದ್ದೆ, ಯಾವ ಸೈಟೂ ಓಪನ್ ಆಗ್ತಿಲ್ಲ." ಇನ್ನೊಂದು, "ಫಿಲ್ಟರ್ ಹಾಕ್ಸಿದ್ದೆ, ಎಲ್ಲಾ ಸೈಟೂ ಓಪನ್ ಆಗ್ತಿದೆ."

ಇವನ್ನು ರಿಪೇರಿ ಮಾಡೋದು ಅಂಥ ಕಷ್ಟವೇನಲ್ಲ. ಕಷ್ಟ ಇರೋದು, ಎಲ್ಲಿ ಕೆಟ್ಟಿದೆ ಅಂತ ಈ ಫಿಲ್ಟರ್‌ಗಳು ಬಾಯಿ ಬಿಟ್ಟು ಹೇಳದೇ ಇರೋದರಲ್ಲಿ. ಫಿಲ್ಟರೇ ಬೇಡ ಅನ್ನೋದು ನನ್ನ ವಾದವಲ್ಲ. ಏಳು ವರ್ಷದ ಮಗುವಿನ ಮುಂದೆ ಇಡೀ ಇಂಟರ್ನೆಟ್ ತೆರೆದಿಡಿ ಅಂತ ಬುದ್ಧಿ ಇರೋ ಯಾರೂ ಹೇಳಲ್ಲ. ನನ್ನ ತಕರಾರು ಅದರ ಮೂಕತನದ ಬಗ್ಗೆ.

ಮನೆಯ ಕಂಪ್ಯೂಟರಿಗೆ ಸಾಮಾನ್ಯವಾಗಿ ಮೂರು ಕಡೆ ಬೇಲಿ ಹಾಕಬಹುದು. ಮೊದಲನೆಯದು ಡಿಎನ್ಎಸ್. ಸೈಟಿನ ಹೆಸರು ಹೇಳಿದರೆ ಅದರ ನಂಬರ್ ವಿಳಾಸ ಹುಡುಕಿ ಕೊಡೋ ವ್ಯವಸ್ಥೆ ಇದು. ರೂಟರ್‌ನಲ್ಲಿ ಕ್ಲೌಡ್‌ಫ್ಲೇರ್‌ನ 1.1.1.3 ಅಂತ ಹಾಕಿದರೆ, ಅಶ್ಲೀಲ ಅಂತ ಪಟ್ಟಿಯಲ್ಲಿರೋ ಸೈಟಿಗೆ ಅದು 0.0.0.0 ಅನ್ನೋ ಉತ್ತರ ಕೊಡುತ್ತೆ. ಅಂದ್ರೆ, "ಅಂಥ ಊರೇ ಇಲ್ಲ ಹೋಗಪ್ಪ" ಅಂದ ಹಾಗೆ. ಬ್ರೌಸರ್ ಪಾಪ ಅದನ್ನ ನಂಬಿ "ಸೈಟ್ ಸಿಗುತ್ತಿಲ್ಲ" ಅಂತ ತೋರಿಸುತ್ತೆ. ಮನೆಯವರು ರೂಟರ್ ಆಫ್ ಮಾಡಿ ಆನ್ ಮಾಡ್ತಾರೆ, ಆಮೇಲೆ ಫೈಬರ್ ಕಂಪನಿಗೆ ಫೋನ್ ಮಾಡಿ ಬೈತಾರೆ. ಫಿಲ್ಟರ್ ತನ್ನ ಕೆಲಸ ಸರಿಯಾಗೇ ಮಾಡಿದೆ, ಆದರೆ "ತಡೆದದ್ದು ನಾನು" ಅಂತ ಹೇಳಿಲ್ಲ, ಅಷ್ಟೇ.

ಉಲ್ಟಾ ಕೇಸೂ ಇದೆ. ಹಳೇ ಐಪಿವಿ4 ಕಾಲಂನಲ್ಲಿ ಮಾತ್ರ ಫಿಲ್ಟರ್ ವಿಳಾಸ ಬರೆದು, ಐಪಿವಿ6 ಕಾಲಂ ಖಾಲಿ ಬಿಟ್ಟಿರ್ತಾರೆ. ಕಂಪ್ಯೂಟರ್ ಆ ದಾರಿಯಲ್ಲಿ ಕಂಪನಿಯ ಡಿಎನ್ಎಸ್ ಕೇಳಿಕೊಂಡು ಹಾಯಾಗಿ ಹೋಗುತ್ತೆ. ಅಥವಾ ಬ್ರೌಸರ್‌ನಲ್ಲೇ 'ಸೆಕ್ಯೂರ್ ಡಿಎನ್ಎಸ್' ಆನ್ ಆಗಿದ್ದು, ರೂಟರ್‌ನಲ್ಲಿ ನೀವು ಬರೆದದ್ದನ್ನ ಅದು ಕೇಳೋದೇ ಇಲ್ಲ. ಮುಂದುಗಡೆ ಗೇಟಿಗೆ ಬೀಗ, ಹಿತ್ತಿಲು ಬಟಾಬಯಲು.

ಎರಡನೇ ಬೇಲಿ ವಿಂಡೋಸ್ ಅಕೌಂಟಿನದು. ಮೈಕ್ರೋಸಾಫ್ಟ್‌ನ ಫ್ಯಾಮಿಲಿ ಸೇಫ್ಟಿಯ ವೆಬ್ ಫಿಲ್ಟರ್ ಕೆಲಸ ಮಾಡೋದು ಎಡ್ಜ್ ಬ್ರೌಸರ್‌ನಲ್ಲಿ. ಹಾಗಾಗಿ ಅದನ್ನ ಆನ್ ಮಾಡಿದರೆ ಕ್ರೋಮ್‌ನಂಥ ಬೇರೆ ಬ್ರೌಸರ್‌ಗಳೇ ಬಂದ್ ಆಗ್ತವೆ. ಮನೆಯಲ್ಲಿ ಮಾತ್ರ "ಕ್ರೋಮಿಗೆ ವೈರಸ್ ಬಂದಿದೆ" ಅಂತ ತೀರ್ಮಾನ ಆಗಿರುತ್ತೆ. ಇನ್ನು ಇದು ಮಗುವಿನ ಅಕೌಂಟಿಗೆ ಕಟ್ಟೋ ಬೇಲಿ. ನಮ್ಮ ಎಷ್ಟೋ ಮನೆಗಳಲ್ಲಿ ಇರೋದು ಒಂದೇ ಕಂಪ್ಯೂಟರ್, ಒಂದೇ ಲಾಗಿನ್, ಅದೂ ಅಪ್ಪನ ಹೆಸರಲ್ಲಿ. ಮಗು ಅಪ್ಪನ ಅಕೌಂಟಿನಲ್ಲಿ ಕೂತರೆ ಫಿಲ್ಟರ್ ಪಾಲಿಗೆ ಅದು ಅಪ್ಪನೇ.

ಮೂರನೆಯದು, ದುಡ್ಡು ಕೊಟ್ಟು ಹಾಕಿಸೋ ಸಾಫ್ಟ್‌ವೇರ್. ಈಗ ಹೆಚ್ಚುಕಮ್ಮಿ ಎಲ್ಲ ಸೈಟೂ ಎಚ್‌ಟಿಟಿಪಿಎಸ್, ಅಂದ್ರೆ ಮುಚ್ಚಿದ ಲಕೋಟೆ. ಹೊರಗಿನಿಂದ ನೋಡಿದರೆ ಸೈಟಿನ ಹೆಸರು ಕಾಣಬಹುದು, ಪುಟದಲ್ಲಿ ಏನಿದೆ ಅಂತ ಕಾಣಲ್ಲ. ಒಳಗೆ ಇಣುಕಬೇಕು ಅಂದ್ರೆ ಸಾಫ್ಟ್‌ವೇರ್ ತನ್ನದೇ ಸರ್ಟಿಫಿಕೇಟನ್ನ ನಿಮ್ಮ ಕಂಪ್ಯೂಟರಿನಲ್ಲಿ ಕೂರಿಸಿ, ಪ್ರತಿ ಲಕೋಟೆ ಒಡೆದು ಓದಿ ಮತ್ತೆ ಅಂಟಿಸಬೇಕು. ನಿಮ್ಮ ಬ್ಯಾಂಕಿನ ಲಕೋಟೆಯೂ ಅದರಲ್ಲಿ ಸೇರಬಹುದು. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳ ಸೂಪರ್‌ಫಿಶ್ ಹಗರಣ ಹೊರಬಂದಾಗ, ಅದರ ಹಿಂದಿದ್ದ ಕೊಮೋಡಿಯಾ ಕಂಪನಿಯ ಕೋಡ್ ಕೆಲವು ಪೇರೆಂಟಲ್ ಫಿಲ್ಟರ್‌ಗಳಲ್ಲೂ ಸಿಕ್ಕಿತು. ಸೂಪರ್‌ಫಿಶ್‌ನ ಗುಪ್ತ ಕೀಲಿಗೆ ಇದ್ದ ಪಾಸ್‌ವರ್ಡ್ ಏನು ಗೊತ್ತಾ? 'ಕೊಮೋಡಿಯಾ'! ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಇಷ್ಟೆಲ್ಲ ಓದಿದ ಮೇಲಾದರೂ ಅದಕ್ಕೆ ಅರ್ಥ ಆಗುತ್ತಾ? 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಅಕೌಂಟ್ ತೆರೆಯೋಕೆ ಆಗಲಿಲ್ಲ. ಊರಿನ ಹೆಸರಿನ ಸ್ಪೆಲ್ಲಿಂಗ್ ನಡುವೆ ಒಂದು ಕೆಟ್ಟ ಪದ ಅಡಗಿತ್ತು. ನಮ್ಮ ಕಡೆ ಇದಕ್ಕೆ ದೂರ ಹೋಗಬೇಕಿಲ್ಲ. ಮುತ್ತುಸ್ವಾಮಿ ದೀಕ್ಷಿತರ ಹೆಸರನ್ನ ಇಂಗ್ಲಿಷಿನಲ್ಲಿ ಬರೆದು ನೋಡಿ, ನಡುವೆ ನಾಲ್ಕಕ್ಷರದ ಬೈಗುಳ ಕೂತಿರುತ್ತೆ. ಅಕ್ಕಮಹಾದೇವಿ ಬಗ್ಗೆ ಇಂಗ್ಲಿಷಿನಲ್ಲಿ ಯಾರೇ ಬರೆದರೂ 'ನೇಕೆಡ್' ಅನ್ನೋ ಪದ ಬರದೇ ಇರೋದು ಕಷ್ಟ. ಅಕ್ಷರ ಎಣಿಸೋ ಫಿಲ್ಟರ್‌ಗೆ ಕೃತಿಯೂ ಒಂದೇ, ಕೆಸರೂ ಒಂದೇ. ಅದೇ ಫಿಲ್ಟರ್‌ ಮುಂದೆ ಅಚ್ಚ ಕನ್ನಡದಲ್ಲಿ ಅಮ್ಮ ಅಕ್ಕ ಅಂತ ಬೈದಿರೋ ಕಾಮೆಂಟು ಧೀರ ಗಂಭೀರವಾಗಿ ಹಾದುಹೋಗುತ್ತೆ. ಇಂಗ್ಲಿಷ್ ಪದಪಟ್ಟಿ ಮಾತ್ರ ಇರೋ ಕಾವಲುಗಾರನಿಗೆ ಕನ್ನಡದ ಕಳ್ಳ ಕಾಣಲ್ಲ.

ಪಟ್ಟಿಯೇ ತಪ್ಪಿದ್ದರೆ? 2020ರ ಏಪ್ರಿಲ್ 1ಕ್ಕೆ 1.1.1.3 ಶುರುವಾದ ದಿನವೇ, ಅಶ್ಲೀಲ ಅಲ್ಲದ ಎಲ್‌ಜಿಬಿಟಿಕ್ಯೂ ಸೈಟುಗಳೂ ಬಂದ್ ಆಗಿದ್ದವು. ಕ್ಲೌಡ್‌ಫ್ಲೇರ್ ತಪ್ಪು ಒಪ್ಪಿಕೊಂಡು, ಕಾರಣ ಬರೆದು, ಸರಿ ಮಾಡಿತು. ಮೆಚ್ಚಬೇಕಾದ ಮಾತು. ಆದರೆ ಅವರು ಹೇಳಿದ್ದಕ್ಕೆ ನಮಗೆ ಗೊತ್ತಾಯ್ತು. ಮನೆಯ ಸ್ಕ್ರೀನ್ ನೋಡಿದವರಿಗೆ ಕಂಡದ್ದು ಅದೇ ಹಳೇ "ಸೈಟ್ ಸಿಗುತ್ತಿಲ್ಲ."

ಇದರ ನಿಜವಾದ ಪೆಟ್ಟು ಯಾರಿಗೆ ಬೀಳುತ್ತೆ ಅಂತ ನನಗೆ ಗೊತ್ತಾಗಿದ್ದು ನಮ್ಮಕ್ಕನ ಮನೆಯಲ್ಲಿ. ಕಂಪ್ಯೂಟರ್ ಸ್ಲೋ ಅಂತ ಕರೆದಿದ್ದಳು. ಅಲ್ಲಿದ್ದ ಫಿಲ್ಟರ್‌ನ ಮೂಲೆಯಲ್ಲಿ, ಯಾರೂ ತೆರೆಯದ ಒಂದು ಪಟ್ಟಿ ಇತ್ತು: ತಡೆದ ಪುಟಗಳು. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠದ ವಿಡಿಯೋ, ಹಾರ್ಮೋನ್ ಚಿತ್ರ, ಮುಟ್ಟಿನ ಹೊಟ್ಟೆನೋವಿಗೆ ಏನು ಮಾಡಬೇಕು ಅನ್ನೋ ಆರೋಗ್ಯದ ಪುಟ. "ಇವು ಓಪನ್ ಆಗ್ತಿಲ್ಲ ಅಂತ ಅಮ್ಮಂಗೆ ಯಾಕಮ್ಮ ಹೇಳ್ಲಿಲ್ಲ?" ಅಂದೆ. ಹುಡುಗಿ ನೆಲ ನೋಡ್ತಾ, "ನಾನೇ ಏನೋ ನೋಡಬಾರದ್ದು ನೋಡ್ತಿದೀನಿ ಅಂದ್ಕೊಂಡೆ ಮಾಮ" ಅಂದಳು. ಕೆಟ್ಟದ್ದನ್ನು ತಡೀತೀನಿ ಅಂತ ಬಂದದ್ದು, ಒಳ್ಳೇ ಪ್ರಶ್ನೆ ಕೇಳಿದ ಮಗುವಿಗೆ ನಾಚಿಕೆ ಕಲಿಸಿತ್ತು. ಅಕ್ಕನಿಗೆ ಗೊತ್ತಿದ್ದದ್ದು ಕೆಳಗೆ ಮೂಲೆಯಲ್ಲಿದ್ದ ಹಸಿರು ಟಿಕ್ ಮಾತ್ರ.

ಆ ಟಿಕ್ ಕಥೆಯೂ ಸಣ್ಣದಲ್ಲ. 2007ರಲ್ಲಿ ಆಸ್ಟ್ರೇಲಿಯಾ ಸರ್ಕಾರ 8.4 ಕೋಟಿ ಡಾಲರಿನ ಯೋಜನೆಯಡಿ ಮನೆಮನೆಗೆ ಫಿಲ್ಟರ್ ಕೊಟ್ಟಿತು. 16 ವರ್ಷದ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಅದನ್ನ ದಾಟಿದ. ಅವನು ದಾಟಿದ ರೀತಿ ಹೇಗಿತ್ತು ಅಂದ್ರೆ ಫಿಲ್ಟರ್‌ನ ಐಕಾನ್ ಹಾಗೇ ಉಳಿದಿತ್ತು. ನೋಡಿದ ಅಪ್ಪ ಅಮ್ಮನಿಗೆ ಎಲ್ಲ ಸರಿ ಇದೆ ಅನ್ನಿಸಬೇಕು. ನಾವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರ್ತಾರೆ. ದಾಟೋಕೆ ಬಂದವನು ದಾಟ್ತಾನೆ, ಸುಮ್ಮನೆ ಪಾಠ ಓದೋಕೆ ಬಂದವಳು ಸಿಕ್ಕಿಬೀಳ್ತಾಳೆ.

ಹಾಗಾದರೆ ಒಳ್ಳೇ ಫಿಲ್ಟರ್ ಅಂದ್ರೆ ಯಾವುದು? ನನ್ನ ಅಳತೆ ಒಂದೇ. ತಡೆದಾಗ ಅದು ಮೂರು ಮಾತು ಹೇಳಬೇಕು: ತಡೆದದ್ದು ನಾನು, ಈ ಕಾರಣಕ್ಕೆ, ತಪ್ಪು ಅನ್ನಿಸಿದರೆ ಇಂಥವರನ್ನ ಕೇಳು. ಕಾನೂನಿನ ಕಾರಣಕ್ಕೆ ಪುಟ ತಡೆದರೆ ಹೇಳೋಕೆ ಅಂತಲೇ 451 ಅನ್ನೋ ಕೋಡ್ 2016ರಿಂದ ಇದೆ. ಮನೆ ಬೇಲಿಗೂ ಅಷ್ಟು ಮರ್ಯಾದೆ ಬೇಡವೇ? ಎಡ್ಜ್‌ನಲ್ಲಿ ತಡೆದ ಪುಟಕ್ಕೆ ದೊಡ್ಡವರ ಅನುಮತಿ ಕೇಳೋ ಸೌಲಭ್ಯ ಇದೆ, ಅದು ಸರಿಯಾದ ದಾರಿ. ನಮ್ಮೂರಲ್ಲಿ ತೋಟದ ಬೇಲಿಗೆ ಕರೆಂಟ್ ಬಿಟ್ಟರೆ ಮೊದಲು ಬೋರ್ಡ್ ನೇತುಹಾಕು ಅಂತಾರೆ. ಬೇಲಿ ಹಂದಿಗೆ, ಬೋರ್ಡ್ ಮನುಷ್ಯರಿಗೆ.

ಅಲ್ಲಿವರೆಗೆ, ನನಗೆ ಫೋನ್ ಮಾಡೋ ಮುಂಚೆ ನೀವೇ ನೋಡಬಹುದಾದದ್ದು ಇಷ್ಟು. ಮೊದಲು ಕಂಪ್ಯೂಟರಿನ ತಾರೀಖು ನೋಡಿ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತು ತಾರೀಖು ಹಿಂದೆ ಹೋಗಿದ್ದರೆ ಸರ್ಟಿಫಿಕೇಟ್‌ಗಳೆಲ್ಲ ತಪ್ಪಾಗಿ ಕಾಣ್ತವೆ, ಬೈಗುಳ ಫಿಲ್ಟರ್‌ಗೆ ಬೀಳುತ್ತೆ. ಆಮೇಲೆ ಅದೇ ಸೈಟನ್ನ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲಿ ತೆರೆದರೆ ತಡೆ ನಿಮ್ಮ ಮನೆಯಲ್ಲೇ ಇದೆ. ನಂತರ ಬೇರೆ ಅಕೌಂಟ್, ಬೇರೆ ಬ್ರೌಸರ್, ಐಪಿವಿ6, ಈ ಕ್ರಮದಲ್ಲಿ ಹೋಗಿ. ಕೊನೆಯದಾಗಿ, ತಿಂಗಳಿಗೊಮ್ಮೆ ತಡೆದ ಪುಟಗಳ ಪಟ್ಟಿ ತೆರೆದು ಮಗುವನ್ನ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ವಿಚಾರಣೆ ಮಾಡೋಕಲ್ಲ, "ಇದನ್ನ ಯಾಕೆ ತಡೆದಿರಬಹುದು ಹೇಳು" ಅಂತ ಕೇಳೋಕೆ. ಸಾಫ್ಟ್‌ವೇರ್ ಆಡದ ಮಾತನ್ನ ನೀವು ಆಡಬೇಕಾಗುತ್ತೆ.